ನಾಕಿಂಗ್‌ಗೆ ಸಿಕ್ಕ ಮದ್ದು

ಘಾಟಿ ಏರುವಾಗ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಹಳೆಯ ಕಾರಿನ ಎಂಜಿನ್ ಒಳಗಿನಿಂದ ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು ಬರುತ್ತದೆ. ಗ್ಯಾರೇಜಿನವರು ಇದನ್ನು ನಾಕಿಂಗ್ ಎನ್ನುತ್ತಾರೆ. ಸಿಲಿಂಡರಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಹರಡುತ್ತ ಹೋಗಬೇಕು. ಅದು ತಲುಪುವ ಮೊದಲೇ ಉಳಿದ ಪೆಟ್ರೋಲು-ಗಾಳಿ ಮಿಶ್ರಣ ಒತ್ತಡಕ್ಕೂ ಬಿಸಿಗೂ ತಾನಾಗಿ ಸಿಡಿದಾಗ ಬರುವ ಸದ್ದು ಇದು. ಹಾಗೇ ಬಿಟ್ಟರೆ ಪಿಸ್ಟನ್ನೇ ತೂತಾಗಬಹುದು.

ನೂರು ವರ್ಷದ ಹಿಂದೆ ಕಾರು ತಯಾರಕರಿಗೆ ಇದೇ ದೊಡ್ಡ ತಲೆನೋವಾಗಿತ್ತು. ಸಿಲಿಂಡರಿನಲ್ಲಿ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಎಂಜಿನ್ನಿಗೆ ಬಲವೂ ಮೈಲೇಜೂ ಹೆಚ್ಚು, ಜೊತೆಗೆ ನಾಕಿಂಗೂ ಹೆಚ್ಚು. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಕೈಕೆಳಗಿದ್ದ ಥಾಮಸ್ ಮಿಡ್ಜ್ಲಿ 1921ರ ಡಿಸೆಂಬರಿನಲ್ಲಿ ಮದ್ದು ಕಂಡುಹಿಡಿದ: ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ದ್ರವ. ಗ್ಯಾಲನ್ ಪೆಟ್ರೋಲಿಗೆ ಒಂದು ಚಹಾ ಚಮಚೆಗಿಂತ ಕಡಿಮೆ ಸಾಕು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ಆಲ್ಕೋಹಾಲನ್ನು ಯಾರು ಬೇಕಾದರೂ ಭಟ್ಟಿ ಇಳಿಸಬಹುದು, ಪೇಟೆಂಟ್ ಸಿಗುತ್ತಿದ್ದದ್ದು ಸೀಸದ ಮದ್ದಿಗೆ. 1923ರಲ್ಲಿ ಅದು ‘ಎಥಿಲ್’ ಎಂಬ ಹೆಸರಿನಲ್ಲಿ ಬಂಕಿಗೆ ಬಂತು. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲಾಗಾರದಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಬುದ್ಧಿಭ್ರಮಣೆಯಾಗಿ ಸತ್ತರು. ಮಿಡ್ಜ್ಲಿ ಪತ್ರಕರ್ತರನ್ನು ಕರೆಸಿ, ಅದನ್ನು ಕೈಗೆ ಸುರಿದುಕೊಂಡು, ಮೂಸಿ ತೋರಿಸಿದ. ಸೀಸದ ವಿಷವೇರಿ ಅವನೇ ಹಿಂದಿನ ವರ್ಷ ವಿಶ್ರಾಂತಿಗೆ ಹೋಗಿ ಬಂದಿದ್ದ!

ಆಮೇಲೆ ದಶಕಗಳ ಕಾಲ ಜಗತ್ತಿನ ರಸ್ತೆಗಳ ಮೇಲೆಲ್ಲ ಹೊಗೆಯ ಜೊತೆ ಸೀಸ ಉದುರಿತು. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಆದರೂ ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲು ಎಲ್ಲ ಕಡೆ ಸಿಗುವಂತಾಗಲು ಮಕ್ಕಳಿಗಿಂತ ಹೆಚ್ಚು ನೆರವಾದದ್ದು ಕಾರಿನದೇ ಇನ್ನೊಂದು ಭಾಗ. 1975ರ ಮಾದರಿಗಳಿಗೆ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದರ ಪ್ಲಾಟಿನಂ ಮೇಲೆ ಸೀಸ ಕೂತರೆ ಕನ್ವರ್ಟರ್ ಕೆಟ್ಟಂತೆಯೇ.

ಭಾರತದಲ್ಲೂ ಅದೇ ದಾರಿ. 1995ರ ಏಪ್ರಿಲಿನಲ್ಲಿ ದೆಹಲಿ, ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ (ಆಗಿನ್ನೂ ಹೆಸರು ಬದಲಾಗಿರಲಿಲ್ಲ) ಹೊಸ ಕಾರುಗಳಿಗೆ ಕನ್ವರ್ಟರ್, ಅವಕ್ಕೆಂದೇ ಸೀಸರಹಿತ ಪೆಟ್ರೋಲು ಬಂದವು. 2000ದ ಫೆಬ್ರವರಿಗೆ ದೇಶವೆಲ್ಲ ಸೀಸ ಬಿಟ್ಟಿತು. ಕಾರುಗಳ ಮಟ್ಟಿಗೆ ಜಗತ್ತಿನಲ್ಲಿ ಕೊನೆಗೆ ಬಿಟ್ಟದ್ದು ಅಲ್ಜೀರಿಯಾ, 2021ರ ಜುಲೈನಲ್ಲಿ.

ಈಗಿನ ಎಂಜಿನ್ನುಗಳಲ್ಲಿ ನಾಕಿಂಗಿಗೆ ಕಿವಿಗೊಡುವ ಸೆನ್ಸರ್ ಇರುತ್ತದೆ. ಸದ್ದು ಹಿಡಿದೊಡನೆ ಕಿಡಿಯನ್ನು ತುಸು ತಡಮಾಡಿಸುತ್ತದೆ. ಆದರೂ ಸದ್ದು ಕೇಳಿದರೆ ಮೊದಲು ಗೇರ್ ಇಳಿಸಬೇಕು. ನಿಲ್ಲದಿದ್ದರೆ ಕೂಲಂಟ್ ಕಡಿಮೆಯಾಗಿದೆಯೇ, ಪ್ಲಗ್ ಸರಿಯಾದದ್ದೇ, ಸಿಲಿಂಡರಿನಲ್ಲಿ ಮಸಿ ಕಟ್ಟಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಬೇಕು. ಇನ್ನು ದೇಶದ ಬಂಕುಗಳಲ್ಲಿ ಈಗ ಪೆಟ್ರೋಲಿಗೆ ಬೆರೆತು ಬರುತ್ತಿರುವ ಎಥೆನಾಲ್, ಮಿಡ್ಜ್ಲಿಯ ಕಾಲದಲ್ಲಿ ಬದಿಗಿಟ್ಟ ಅದೇ ಆಲ್ಕೋಹಾಲ್.