ಸರಾಸರಿ ಬೂದಿ ಮತ್ತು ಬಾಯ್ಲರಿನ ಬೂದಿ: ಕಲ್ಲಿದ್ದಲು ಮಿಶ್ರಣದ ಒಂದು ಅಳತೆಗೋಲು

ಕೋಲಾರದ ಬಳಿಯ ವಕ್ಕಲೇರಿಯ ಕೊಳವೆಬಾವಿಗಳು ನೆಚ್ಚಿರುವ ವಿದ್ಯುತ್ ಜಾಲಕ್ಕೆ ಕಲ್ಲಿದ್ದಲಿನ ಶಕ್ತಿ ಎರಡು ಬಗೆಯಲ್ಲಿ ಒದಗುತ್ತದೆ. ಒಡಿಶಾದ ತಾಲ್ಚೇರಿನಲ್ಲಿ ಗಣಿಯ ಮಗ್ಗುಲಲ್ಲೇ ಉರಿದದ್ದು, 2003ರಿಂದ ±500 ಕಿಲೋವೋಲ್ಟ್ ನೇರಪ್ರವಾಹ ಮಾರ್ಗದಲ್ಲಿ ವಿದ್ಯುತ್ತಾಗಿಯೇ ಕೋಲಾರ ತಲುಪುತ್ತದೆ. ರಾಯಚೂರಿನ ಶಕ್ತಿನಗರಕ್ಕಾದರೋ ಸಿಂಗರೇಣಿಯಿಂದಲೂ ದೂರದ ಮಹಾನದಿ ಗಣಿಗಳಿಂದಲೂ ಕಲ್ಲಿದ್ದಲೇ ರೈಲಿನಲ್ಲಿ ಬಂದಿಳಿಯುತ್ತದೆ. ಬೆರಕೆಯ ಪ್ರಶ್ನೆ ಏಳುವುದು ಅಲ್ಲಿ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಅದು ಒಳಗೇ ಹೆಣೆದುಕೊಂಡಿರುವುದರಿಂದ ತೊಳೆದರೂ ಪೂರ್ತಿ ಹೋಗದು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ತಕರಾರು ಇರುವುದು ಬೆರಕೆಯ ಗುಣವನ್ನು ಅಳೆಯುವ ಕ್ರಮದಲ್ಲಿ. ದೂರದ ಸ್ಥಾವರಗಳಿಗೆ ಬೂದಿ 34 ಶೇಕಡಾ ಮೀರಬಾರದೆಂದ 2014ರ ಕೇಂದ್ರ ಅಧಿಸೂಚನೆ ಅದನ್ನು ಮೂರು ತಿಂಗಳ ಸರಾಸರಿಯಲ್ಲಿ ಲೆಕ್ಕ ಹಾಕಿತು. 2020ರಲ್ಲಿ ಆ ಮಿತಿ ಹೋಯಿತು. ಸರಾಸರಿ ಸರಿಯಿದ್ದರೆ ಇಂಧನವೂ ಸರಿ ಎಂಬ ನಂಬಿಕೆ ಮಾತ್ರ ಉಳಿದಿದೆ. ಅದನ್ನು ನಾನು ಒಪ್ಪಲಾರೆ.

42 ಶೇಕಡಾ ಬೂದಿಯ ದೇಶೀ ಕಲ್ಲಿದ್ದಲನ್ನೂ 10 ಶೇಕಡಾ ಬೂದಿಯ ಆಮದು ಕಲ್ಲಿದ್ದಲನ್ನೂ ತೂಕದಲ್ಲಿ 3:1ರಂತೆ ಬೆರೆಸಿದೆವು ಎನ್ನೋಣ. ಬೂದಿ ಕರಾರುವಾಕ್ಕಾಗಿ 34ಕ್ಕೆ ಇಳಿಯುತ್ತದೆ. ಅವುಗಳ ಉಷ್ಣಮೌಲ್ಯ ಕಿಲೋಗೆ 3400 ಮತ್ತು 6000 ಕಿಲೋಕ್ಯಾಲೊರಿ ಆಗಿದ್ದರೆ, ತೂಕದಲ್ಲಿ ಕಾಲು ಭಾಗವಾದ ಆಮದು ಕಲ್ಲಿದ್ದಲು ಶಾಖದಲ್ಲಿ ಸುಮಾರು 37 ಶೇಕಡಾ ಕೊಡುತ್ತದೆ. ಇಲ್ಲಿಯವರೆಗೆ ಅಂಕಗಣಿತ ಸಾಕು. ಕಲ್ಲಿದ್ದಲನ್ನು ಪುಡಿಮಾಡುವ ಮಿಲ್ಲಿನೊಳಗೆ ಸಾಲದು: ಮೆದುವಾದದ್ದು ಬೇಗ ಪುಡಿಯಾಗಿ ಹೊರಡುತ್ತದೆ, ಗಟ್ಟಿಯಾದದ್ದು ಒಳಗೇ ಸುತ್ತುತ್ತದೆ. ಕುಲುಮೆಯಲ್ಲಿ ಬಾಷ್ಪಶೀಲ ಅಂಶ ಹೆಚ್ಚಿದ್ದದ್ದು ಮೊದಲು ಹೊತ್ತಿಕೊಳ್ಳುತ್ತದೆ. ಬೂದಿ ಕರಗುವ ಉಷ್ಣತೆಯಂತೂ ಸರಾಸರಿಗೆ ಸಿಗುವುದೇ ಇಲ್ಲ. ಸಿಲಿಕಾ, ಅಲ್ಯೂಮಿನಾ ತುಂಬಿದ ನಮ್ಮ ಬೂದಿ ಸುಲಭಕ್ಕೆ ಕರಗದು. ಕಬ್ಬಿಣ, ಸುಣ್ಣದ ಅಂಶಗಳಿರುವ ಬೂದಿ ಸೇರಿದರೆ ಮಿಶ್ರಣ ಎರಡಕ್ಕಿಂತಲೂ ಕಡಿಮೆ ಉಷ್ಣತೆಯಲ್ಲಿ ಕರಗಿ ಕೊಳವೆಗಳಿಗೆ ಅಂಟಬಹುದು.

ಬಾಯ್ಲರು ಉರಿಸುವುದು ಮೂರು ತಿಂಗಳ ಸರಾಸರಿಯನ್ನಲ್ಲ, ಆಯಾ ಗಂಟೆಗೆ ಒಳಬಂದ ಮಿಶ್ರಣವನ್ನು. ಆದ್ದರಿಂದ, ಹಲವು ಗಣಿಗಳಿಂದ ಇಂಧನ ತರಿಸುವ ಸ್ಥಾವರಕ್ಕೆ ಸರಾಸರಿ ಬೂದಿಗಿಂತ ಗಂಟೆಗಂಟೆಯ ಏರಿಳಿತವೇ ಮುಖ್ಯ ಎಂಬುದು ನನ್ನ ವಾದ. ಇದು ಪುಡಿ ಕಲ್ಲಿದ್ದಲು ಉರಿಸುವ ಬಾಯ್ಲರುಗಳಿಗಷ್ಟೇ, ಅದೂ ರಾಶಿಯನ್ನು ಪದರಪದರವಾಗಿ ಹಾಕಿ ಅಡ್ಡಲಾಗಿ ಕೆರೆದು ತೆಗೆಯುವ ಶಿಸ್ತು ಇಲ್ಲದ ಕಡೆ, ಅನ್ವಯಿಸುತ್ತದೆ. ಸಾಗಣೆ ಮತ್ತು ಹಾರುಬೂದಿಯ ಹೊರೆಯನ್ನು ಅಂದಾಜಿಸಲು ಸರಾಸರಿ ಇಂದಿಗೂ ಉಪಯುಕ್ತವೇ. ಪ್ರಯೋಗಾಲಯದ ಸಣ್ಣ ಕುಲುಮೆಯಲ್ಲಿ ಅಳೆದ ಕರಗುವಿಕೆ ನಿಜವಾದ ಬಾಯ್ಲರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ. ಅದಕ್ಕೆ ಪ್ರತಿ ಮಿಲ್ಲಿನಿಂದ ತೆಗೆದ ಮಾದರಿಗಳು ಬೇಕು.