ಸತ್ತವರ ಹೆಸರು ಹೊಲಿದ ಕೌದಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಗೆ ಕೌದಿ ಎನ್ನುತ್ತಾರೆ. ಅಮೆರಿಕದ ಮನೆಗಳಲ್ಲೂ ಇಂಥದೇ ಹೊದಿಕೆಯೊಂದುಂಟು. ಅಲ್ಲಿ ಅದರ ಹೆಸರು ಕ್ವಿಲ್ಟ್. ಅಜ್ಜಿಯರ ಕೈಕೆಲಸ ಎಂದಷ್ಟೇ ಎಣಿಸಲಾಗುತ್ತಿದ್ದ ಈ ಹೊದಿಕೆ 1987ರಲ್ಲಿ ಆ ದೇಶದ ರಾಜಧಾನಿಯ ಬಯಲಿನಲ್ಲಿ ಹರಡಿಕೊಂಡಿತು. ಸರಕಾರವೂ ಸಮಾಜವೂ ಹೆಸರೆತ್ತಲು ಹಿಂಜರಿಯುತ್ತಿದ್ದ ಏಡ್ಸ್ ರೋಗದ ಬಗ್ಗೆ ಅದು ಬಹಿರಂಗವಾಗಿ ಮಾತನಾಡಿತು.

ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಅಪರೂಪದ ನ್ಯುಮೋನಿಯಾ ಕಾಣಿಸಿಕೊಂಡಿದೆ ಎಂಬ ವರದಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಪ್ರಕಟವಾದದ್ದು 1981ರ ಜೂನ್ 5ರಂದು. ಆ ಐವರೂ ಸಲಿಂಗಿಗಳು. ಹೀಗಾಗಿ ರೋಗಕ್ಕೆ ಮೊದಲ ದಿನದಿಂದಲೇ ಪಾಪದ ಫಲ ಎಂಬ ಹಣೆಪಟ್ಟಿ ಅಂಟಿಕೊಂಡಿತು. ಶವಸಂಸ್ಕಾರದ ಸಂಸ್ಥೆಗಳು ಶವ ಮುಟ್ಟಲು ನಿರಾಕರಿಸಿದ ಪ್ರಸಂಗಗಳು ನಡೆದವು. ಮಗ ಯಾವ ಕಾಯಿಲೆಯಿಂದ ಸತ್ತನೆಂದು ಹೇಳಿಕೊಳ್ಳಲು ತಂದೆತಾಯಿ ಅಂಜಿದರು. ಅಧ್ಯಕ್ಷ ರೊನಾಲ್ಡ್ ರೇಗನ್ ಏಡ್ಸ್ ಕುರಿತು ತಮ್ಮ ಮೊದಲ ಪ್ರಮುಖ ಭಾಷಣ ಮಾಡಿದ್ದು 1987ರ ಮೇ 31ರಂದು. ಅಷ್ಟರೊಳಗೆ 20,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು.

ಕೌದಿಯ ಕಲ್ಪನೆ ಮೂಡಿದ್ದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. 1978ರಲ್ಲಿ ಕೊಲೆಯಾದ ಜನನಾಯಕ ಹಾರ್ವಿ ಮಿಲ್ಕ್ ನೆನಪಿಗೆ ಅಲ್ಲಿ ಪ್ರತಿವರ್ಷ ಮೇಣದಬತ್ತಿಗಳ ಮೆರವಣಿಗೆ ನಡೆಯುತ್ತಿತ್ತು. 1985ರ ನವೆಂಬರಿನ ಮೆರವಣಿಗೆಯ ಹೊತ್ತಿಗೆ ಆ ಒಂದೇ ನಗರದಲ್ಲಿ ಏಡ್ಸ್‌ಗೆ ಬಲಿಯಾದವರ ಸಂಖ್ಯೆ ಸಾವಿರ ಮುಟ್ಟಿತ್ತು. ಸಂಘಟಕ ಕ್ಲೀವ್ ಜೋನ್ಸ್, ಸತ್ತ ಆಪ್ತರ ಹೆಸರುಗಳನ್ನು ರಟ್ಟಿನ ಮೇಲೆ ಬರೆಯುವಂತೆ ಎಲ್ಲರನ್ನೂ ಕೇಳಿಕೊಂಡರು. ಕೇಂದ್ರ ಸರಕಾರದ ಕಚೇರಿ ಕಟ್ಟಡದ ಗೋಡೆಗೆ ಆ ರಟ್ಟುಗಳನ್ನು ಅಂಟಿಸಲಾಯಿತು. ದೂರದಿಂದ ನೋಡಿದಾಗ ಗೋಡೆ ಥೇಟ್ ತೇಪೆಯ ಕೌದಿಯಂತೆ ಕಂಡಿತು. 1987ರಲ್ಲಿ ಜೋನ್ಸ್ ತಮ್ಮ ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ಹೆಸರಿನಲ್ಲಿ ಮೊದಲ ತುಂಡನ್ನು ಸಿದ್ಧಪಡಿಸಿದರು.

ಪ್ರತಿ ತುಂಡಿನ ಅಳತೆ 3 ಅಡಿ ಅಗಲ, 6 ಅಡಿ ಉದ್ದ. ಅಂದರೆ ಸರಿಸುಮಾರು ಒಂದು ಗೋರಿಯಷ್ಟು. ಇಂಥ ಎಂಟು ತುಂಡುಗಳನ್ನು ಸೇರಿಸಿದರೆ 12 ಅಡಿಯ ಒಂದು ಚೌಕ. ಹೊಲಿದವರಲ್ಲಿ ಹೆಚ್ಚಿನವರು ಕಲಾವಿದರಲ್ಲ. ತಾಯಂದಿರು, ಸಂಗಾತಿಗಳು, ನೆರೆಹೊರೆಯವರು. ಸತ್ತವನ ಜೀನ್ಸ್ ಪ್ಯಾಂಟು, ಭಾವಚಿತ್ರ, ಆಟಿಕೆ ಕರಡಿ, ಮದುವೆಯ ಉಂಗುರ ಎಲ್ಲವೂ ಬಟ್ಟೆಯ ಮೇಲೆ ಬಂದು ಕೂತವು. ಕೆಲವು ರೋಗಿಗಳು ಬದುಕಿರುವಾಗಲೇ ತಮ್ಮ ತುಂಡನ್ನು ತಾವೇ ಹೊಲಿದಿಟ್ಟರು. ಇನ್ನು ಕೆಲವು ತುಂಡುಗಳಲ್ಲಿ ಪೂರ್ಣ ಹೆಸರಿಲ್ಲ. ಮನೆತನದ ಮಾನಕ್ಕೆ ಅಂಜಿ ಅಡ್ಡಹೆಸರನ್ನು ಬಿಟ್ಟಿದ್ದಾರೆ. ಆ ಕಾಲದ ಕಳಂಕದ ಭಾರ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಬಯಲಿನಲ್ಲಿ ಕೌದಿಯನ್ನು ಹಾಸಿದಾಗ ಅದರಲ್ಲಿದ್ದದ್ದು 1,920 ತುಂಡುಗಳು. ಆ ವಾರಾಂತ್ಯದಲ್ಲಿ ಸುಮಾರು ಐದು ಲಕ್ಷ ಜನ ಬಂದು ನೋಡಿದರು. ಮರುವರ್ಷ ಶ್ವೇತಭವನದ ಎದುರು ಹಾಸುವಾಗ ತುಂಡುಗಳ ಸಂಖ್ಯೆ 8,288ಕ್ಕೆ ಏರಿತ್ತು. ಅಂಕಿಅಂಶದಲ್ಲಿ ಕರಗಿಹೋಗಿದ್ದ ಸಾವುಗಳಿಗೆ ಹೀಗೆ ಒಂದೊಂದಾಗಿ ಹೆಸರು ಬಂತು.

ಕೌದಿ ಒಂಟಿಯಾಗಿರಲಿಲ್ಲ. ಅದೇ 1987ರಲ್ಲಿ ನ್ಯೂಯಾರ್ಕಿನ ಗೋಡೆಗಳ ಮೇಲೆ ಕಪ್ಪು ಹಿನ್ನೆಲೆಯ ಭಿತ್ತಿಚಿತ್ರವೊಂದು ಕಾಣಿಸಿಕೊಂಡಿತು. ನಾಜಿ ಶಿಬಿರಗಳಲ್ಲಿ ಸಲಿಂಗಿ ಕೈದಿಗಳಿಗೆ ತೊಡಿಸುತ್ತಿದ್ದ ಗುಲಾಬಿ ತ್ರಿಕೋನ, ಅದರ ಕೆಳಗೆ ‘ಮೌನವೆಂದರೆ ಸಾವು’ ಎಂಬ ಘೋಷಣೆ. ಇದನ್ನು ರೂಪಿಸಿದವರು ಆರು ಮಂದಿಯ ಒಂದು ಗುಂಪು. ಸ್ವತಃ ಏಡ್ಸ್ ಪೀಡಿತನಾಗಿದ್ದ ಚಿತ್ರಕಾರ ಕೀತ್ ಹೇರಿಂಗ್ 1989ರಲ್ಲಿ ಕಣ್ಣು, ಕಿವಿ, ಬಾಯಿ ಮುಚ್ಚಿಕೊಂಡ ಮೂರು ಆಕೃತಿಗಳನ್ನು ಬರೆದ. ನಮಗೆ ಗಾಂಧೀಜಿಯ ಮೂರು ಕೋತಿಗಳು ನೆನಪಾಗಬಹುದು. ಆದರೆ ಹೇರಿಂಗ್ ಹೇಳಿದ್ದು ತದ್ವಿರುದ್ಧ: ಈ ರೋಗದ ವಿಷಯದಲ್ಲಿ ಕಣ್ಣು ಮುಚ್ಚುವುದೇ ಅಪರಾಧ. 1990ರ ಫೆಬ್ರವರಿಯಲ್ಲಿ, 31ನೇ ವಯಸ್ಸಿಗೆ, ಆತ ತೀರಿಕೊಂಡ.

ಹೊಲಿಗೆಯ ಈ ಮೆದು ದನಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಜನ ಅತ್ತು ಮನೆಗೆ ಹೋಗುತ್ತಾರೆ, ಸರಕಾರ ಹಾಯಾಗಿರುತ್ತದೆ ಎಂದು ಹೋರಾಟಗಾರರು ಆಕ್ಷೇಪಿಸಿದರು. 1992ರ ಅಕ್ಟೋಬರ್‌ನಲ್ಲಿ ಕೌದಿ ವಾಷಿಂಗ್ಟನ್ನಿನಲ್ಲಿ ಹಾಸಿದ್ದಾಗಲೇ ‘ಆಕ್ಟ್ ಅಪ್’ ಸಂಘಟನೆಯವರು ಮೆರವಣಿಗೆಯಲ್ಲಿ ಹೋಗಿ, ತಮ್ಮವರ ಚಿತಾಭಸ್ಮವನ್ನು ಶ್ವೇತಭವನದ ಹುಲ್ಲುಹಾಸಿನ ಮೇಲೆ ಎರಚಿದರು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಮೆರವಣಿಗೆಗೆ ಎಂದೂ ಬಾರದ ತಾಯಿಯೊಬ್ಬಳು ಸೂಜಿ ಹಿಡಿದು ಮಗನ ಹೆಸರನ್ನು ಜಗತ್ತಿಗೆ ತೋರಿಸಿದ್ದು ಕೌದಿಯಿಂದಲೇ.

1996ರಲ್ಲಿ ಇಡೀ ಕೌದಿಯನ್ನು ಕೊನೆಯ ಬಾರಿ ಒಂದೇ ಕಡೆ ಹಾಸಿದಾಗ ಅಧ್ಯಕ್ಷ ಬಿಲ್ ಕ್ಲಿಂಟನ್ ಬಂದು ನೋಡಿದರು. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಜಾರಿಗೆ ಬಂದದ್ದೂ ಅದೇ ವರ್ಷ. ಎಚ್ಐವಿ ಸೋಂಕು ಅಂದಿನಿಂದ ಮರಣಶಾಸನವಾಗಿ ಉಳಿಯಲಿಲ್ಲ. ಸಕ್ಕರೆ ಕಾಯಿಲೆಯಂತೆ ದಿನವೂ ಮಾತ್ರೆ ನುಂಗಿ ನಿಭಾಯಿಸಬಹುದಾದ ದೀರ್ಘಕಾಲದ ಕಾಯಿಲೆಯಾಗಿ ಅದು ಬದಲಾಗುತ್ತ ಬಂತು. ಆ ಮಾತ್ರೆ ಕೊಟ್ಟದ್ದು ಪ್ರಯೋಗಾಲಯ, ಕಲೆಯಲ್ಲ. ಆದರೆ ಮಾತ್ರೆಗಾಗಿ ಬಾಯಿಬಿಟ್ಟು ಕೇಳಲು ಮೊದಲು ನಾಚಿಕೆ ಬಿಡಬೇಕಿತ್ತು. ಅದಕ್ಕೆ ಧೈರ್ಯ ಕೊಟ್ಟವುಗಳಲ್ಲಿ ಬಟ್ಟೆ, ಬಣ್ಣ, ಭಿತ್ತಿಚಿತ್ರಗಳಿಗೆ ದೊಡ್ಡ ಪಾಲಿದೆ.

ಭಾರತದಲ್ಲಿ ಎಚ್ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಈಗಿನ ಚೆನ್ನೈ ನಗರದಲ್ಲಿ. ಇಲ್ಲಿಗೆ ಕೌದಿಗಿಂತ ಹೆಚ್ಚಾಗಿ ತಲುಪಿದ್ದು ಅದೇ ಚಳವಳಿಯ ಇನ್ನೊಂದು ಕೂಸು, ಕೆಂಪು ರಿಬ್ಬನ್. 1991ರಲ್ಲಿ ನ್ಯೂಯಾರ್ಕಿನ ‘ವಿಷುಯಲ್ ಏಡ್ಸ್’ ಸಂಸ್ಥೆಯ ಕಲಾವಿದರು ರೂಪಿಸಿದ ಈ ಚಿಹ್ನೆಗೆ ಅವರು ಬೇಕೆಂದೇ ಹಕ್ಕುಸ್ವಾಮ್ಯ ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂಬುದು ಅವರ ಉದ್ದೇಶ. 2007ರ ಡಿಸೆಂಬರ್ 1ರಂದು ದೆಹಲಿಯಿಂದ ಹೊರಟ ಜಾಗೃತಿ ರೈಲಿಗೂ ಅದರದೇ ಹೆಸರು. ನಮ್ಮ ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳ ಗುರುತೂ ಅದೇ.

ಸೋಂಕಿತರ ವಿರುದ್ಧ ತಾರತಮ್ಯ ನಿಷೇಧಿಸುವ ಕಾಯ್ದೆಯನ್ನು ಭಾರತ 2017ರಲ್ಲಿ ಅಂಗೀಕರಿಸಿತು. ದೇಶದಲ್ಲಿ ಇಂದು ಸುಮಾರು 25 ಲಕ್ಷ ಜನ ಎಚ್ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಇನ್ನೂ ನೆರೆಹೊರೆಯವರಿಗೆ ತಿಳಿಯದಂತೆ ಮಾತ್ರೆ ನುಂಗುತ್ತಾರೆ. ಅತ್ತ ಅಮೆರಿಕದಲ್ಲಿ ಕೌದಿಯ ತೂಕ 54 ಟನ್ ಮುಟ್ಟಿದೆ. ಸುಮಾರು 50,000 ತುಂಡುಗಳಲ್ಲಿ 1,10,000ಕ್ಕೂ ಹೆಚ್ಚು ಹೆಸರುಗಳಿವೆ. ಹೊಸ ತುಂಡುಗಳು ಈಗಲೂ ಬಂದು ಸೇರುತ್ತಿವೆ.