ಗೋಲ್ಕೊಂಡ: ಚಪ್ಪಾಳೆ ಮತ್ತು ಅಗುಳಿ

ಹೈದರಾಬಾದಿನ ಪಶ್ಚಿಮಕ್ಕಿರುವ ಗೋಲ್ಕೊಂಡ ಕೋಟೆಯಲ್ಲಿ ಬಾಲಾ ಹಿಸ್ಸಾರ್ ದರ್ವಾಜೆ ದಾಟಿದ ಕೂಡಲೇ ಒಂದು ಗುಮ್ಮಟ ಸಿಗುತ್ತದೆ. ಅದರ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ದೂರದ ಗುಡ್ಡದ ನೆತ್ತಿಯವರೆಗೂ ಕೇಳಿಸುತ್ತದೆ. ಗೈಡುಗಳು ದಿನವೂ ತಟ್ಟಿ ತೋರಿಸುತ್ತಾರೆ, ಬಂದವರು ಬೆರಗಾಗಿ ಮುಂದೆ ಹೋಗುತ್ತಾರೆ. ಆದರೆ ಈ ಊರಿನ ಚರಿತ್ರೆಯ ಬೀಗದ ಕೈ ಆ ಸದ್ದಿನಲ್ಲೇ ಇದೆ. ಗೋಲ್ಕೊಂಡ ಮೂಲತಃ ಒಂದು ಮುನ್ನೆಚ್ಚರಿಕೆಯ ಠಾಣೆ. ಇಂದು ಕರಾವಳಿಯ ರಾಡಾರ್ ಮಾಡುವ ಕೆಲಸವನ್ನೇ ಅದು ಕಲ್ಲು, ಎತ್ತರ ಮತ್ತು ಕಿವಿಯಿಂದ ಮಾಡುತ್ತಿತ್ತು. ಇಂಗ್ಲೆಂಡಿನ ಕೆಂಟ್ ಕರಾವಳಿಯ ಡೆಂಜ್‌ನಲ್ಲೂ ಶತ್ರು ವಿಮಾನಗಳ ಸದ್ದು ಹಿಡಿಯಲು 1920ರ ದಶಕದ ಕೊನೆಗೆ ದೊಡ್ಡ ಕಾಂಕ್ರೀಟ್ ಶಬ್ದದರ್ಪಣಗಳನ್ನು ಕಟ್ಟಿದರು. ರಾಡಾರ್ ಬಂದದ್ದೇ ಅವು ಪಾಳುಬಿದ್ದವು. ಗೋಲ್ಕೊಂಡದ ಕಿವಿ ಕೆಲಸ ನಿಲ್ಲಿಸಿದ್ದಕ್ಕೆ ಕಾರಣ ಬೇರೆಯೇ.

ಚಪ್ಪಾಳೆಯ ಕಥೆ ಗೈಡುಗಳ ಅಲಂಕಾರ, ಗುಮ್ಮಟದ ಗುಣ ಆಕಸ್ಮಿಕ ಎಂದು ಯಾರಾದರೂ ಹೇಳಬಹುದು. ಕಟ್ಟಿದವನ ಮನಸ್ಸಿನಲ್ಲಿ ಏನಿತ್ತೆಂದು ಕಲ್ಲು ಹೇಳುವುದಿಲ್ಲ, ನಿಜ. ಹಾಗೆಂದು ಗುಮ್ಮಟವೊಂದನ್ನೇ ಬಿಡಿಯಾಗಿ ನೋಡುವುದು ತಪ್ಪು. ಬಾಗಿಲಿಗೆ ಎದುರಾಗಿ ಮರೆಗೋಡೆ ಇದೆ, ಆನೆಗೆ ಓಡಿಬಂದು ಗುದ್ದಲು ಜಾಗವಿಲ್ಲ. ಸುಮಾರು 120 ಮೀಟರ್ ಎತ್ತರದ ಗುಡ್ಡದಿಂದ ಸುತ್ತಲ ಬಯಲೆಲ್ಲ ಕಾಣುತ್ತದೆ. ಹೊರಕೋಟೆಗೆ 87 ಬುರುಜು, 8 ದರ್ವಾಜೆ. ಬರುವವನನ್ನು ತಡೆದು ನಿಲ್ಲಿಸಿ, ಅಷ್ಟರೊಳಗೆ ಮೇಲಿನವರಿಗೆ ಸುದ್ದಿ ಮುಟ್ಟಿಸುವ ಯೋಚನೆ ಈ ಕಟ್ಟೋಣದ ಉದ್ದಕ್ಕೂ ಇದೆ. ಗುಮ್ಮಟದ ಗುಣ ಆಕಸ್ಮಿಕವಾಗಿದ್ದರೂ, ತಲೆತಲಾಂತರ ಅಲ್ಲೇ ಕಾವಲು ನಿಂತವರು ಅದನ್ನು ಗುರುತಿಸದೆ, ಬಳಸದೆ ಇದ್ದರೆಂದು ನಂಬುವುದು ಕಷ್ಟ. ಕೋಟೆಯನ್ನು ಕಲ್ಲುಗಾರೆಯಲ್ಲಿ ಬಲಪಡಿಸಿದ ಸುಲ್ತಾನ ಇಬ್ರಾಹಿಂ ಕುತುಬ್ ಷಾಗೆ ಅಪಾಯದ ಅರಿವು ಸ್ವಂತ ಬದುಕಿನಿಂದ ಬಂದಿತ್ತು: ಅಣ್ಣನಿಗೆ ಹೆದರಿ ಅವನು ಏಳು ವರ್ಷ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ. 1565ರಲ್ಲಿ ಅದೇ ರಾಮರಾಯನ ಎದುರು ಯುದ್ಧಕ್ಕೆ ನಿಂತ. ಆಶ್ರಿತನೇ ವೈರಿಯಾಗಬಲ್ಲ ಕಾಲವದು.

ಇಷ್ಟೆಲ್ಲ ಎಚ್ಚರವಿದ್ದೂ ಕೋಟೆ ಬಿತ್ತಲ್ಲ, ಹಾಗಾದರೆ ಎಚ್ಚರ ಸೋತಂತಲ್ಲವೇ? ಈ ಆಕ್ಷೇಪ ಹೆಚ್ಚು ಗಟ್ಟಿ. ಉತ್ತರ 1687ರ ಮುತ್ತಿಗೆಯಲ್ಲಿದೆ. ಹಿಂದಿನ ವರ್ಷ ಬಿಜಾಪುರವನ್ನು ಗೆದ್ದ ಔರಂಗಜೇಬ್ ಇಲ್ಲಿಗೆ ಬಂದು ಸುಮಾರು ಎಂಟು ತಿಂಗಳು ಕೂತ. ಮೇ ತಿಂಗಳ ಒಂದು ರಾತ್ರಿ ಮೊಘಲರು ಗುಟ್ಟಾಗಿ ಗೋಡೆ ಹತ್ತಿದಾಗ ಬೀದಿನಾಯಿಯೊಂದು ಬೊಗಳಿ ಕಾವಲುಗಾರರನ್ನು ಎಬ್ಬಿಸಿತು. ಸುಲ್ತಾನ ಅಬುಲ್ ಹಸನ್ ಅದಕ್ಕೆ ಚಿನ್ನದ ಸರಪಳಿ ಹಾಕಿಸಿದನೆಂದು ಇತಿಹಾಸಕಾರ ಖಾಫಿ ಖಾನ್ ಬರೆಯುತ್ತಾನೆ. ಮೊಘಲರು ನೆಲದಡಿ ಸುರಂಗ ತೋಡಿ ಮದ್ದು ತುಂಬಿದರೆ, ಒಳಗಿನವರು ಸುಳಿವು ಹಿಡಿದು ಮದ್ದು ತೆಗೆದರು, ನೀರು ಸುರಿದರು. ಸ್ಫೋಟದಲ್ಲಿ ಸತ್ತವರು ಮೊಘಲ್ ಸೈನಿಕರೇ. ಮಳೆಯೂ ಬರವೂ ಮುತ್ತಿಗೆ ಹಾಕಿದವರನ್ನೇ ಕಾಡಿದವು. ಹೊರಗಿನಿಂದ ಬಂದ ಯಾವ ಹೆಜ್ಜೆಯೂ ಗೋಲ್ಕೊಂಡದ ಕಿವಿಗೆ ತಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಲಂಚ ಪಡೆದ ಸರದಾರ ಅಬ್ದುಲ್ಲಾ ಖಾನ್ ಪನ್ನಿ ಒಳಗಿನಿಂದಲೇ ಅಗುಳಿ ಸರಿಸಿದ. ಸುಲ್ತಾನನ ನಿಷ್ಠ ಸರದಾರ ಅಬ್ದುರ್ ರಜಾಕ್ ಲಾರಿ ಮೈತುಂಬ ಗಾಯಗಳಾಗುವ ತನಕ ಹೋರಾಡಿದ, ಆದರೆ ಬಾಗಿಲು ತೆರೆದಾಗಿತ್ತು. ಸೋತದ್ದು ಎಚ್ಚರಿಕೆಯ ವ್ಯವಸ್ಥೆಯಲ್ಲ, ಅದನ್ನು ಕಾಯುವ ಒಬ್ಬ ಮನುಷ್ಯನ ನಿಷ್ಠೆ. ಯಾವ ಗುಮ್ಮಟವೂ ಅದನ್ನು ಅಳೆಯಲಾರದು, ರಾಡಾರ್ ಕೂಡ.

ಅಂದಿನಿಂದ ಠಾಣೆಗೆ ಕೆಲಸವಿಲ್ಲ. ಎಚ್ಚರಿಸಬೇಕಾದ ದೊರೆಯೇ ದೌಲತಾಬಾದಿನ ಸೆರೆಗೆ ಹೋದ. ಊರು ಮಾತ್ರ ಉಳಿಯಿತು: ಹೊರಕೋಟೆಯ ಒಳಗೆ ಇಂದಿಗೂ ಮೊಹಲ್ಲಾಗಳಿವೆ, ಸೇನೆಯ ಆರ್ಟಿಲರಿ ಸೆಂಟರ್ 1962ರಿಂದ ಈ ನೆರೆಯಲ್ಲೇ ಇದೆ, ಹಳೆಯ ಬಾಗಿಲುಗಳ ಮೂಲಕವೇ ವಾಹನಗಳು ಓಡಾಡುತ್ತವೆ. ಅವುಗಳಲ್ಲಿ ಒಂದು ಫತೇ ದರ್ವಾಜಾ. ಗೆದ್ದವರು ಒಳಹೊಕ್ಕ ಬಾಗಿಲೆಂದು ಆ ಹೆಸರು. ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟುವವರು ಮರಳುವಾಗ ಅಲ್ಲೂ ಒಂದು ಗಳಿಗೆ ನಿಲ್ಲಬೇಕು.